ಅವರು ಕೇಳಿದ ಸೌತ್ ಎಂಡ್

2002ನೇ ಇಸವಿ. ಆಗ ನಾವು ಟೊರಾಂಟೊದ ಸ್ಕಾರ್‌ಬರೋದಲ್ಲಿ ಮಗಳು ಸುಮಾಳ ಮನೆಯಲ್ಲಿದ್ದೆವು. ನಾವು ಎಂದರೆ ನಾನು, ನಮ್ಮ ಯಜಮಾನರು. ಅವರು ಬೆಂಗಳೂರಿನಲ್ಲಿ ಮೂವತ್ತು ವರ್ಷ ಸಿಟಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ರಿಟೈರ್ ಆದ ಮೇಲೆ ಮಗಳು ಸ್ಪಾನ್ಸರ್ ಮಾಡಿ ಕರೆಸಿಕೊಂಡಳು. ಆ ವರ್ಷ ಫೆಬ್ರವರಿಯಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ ಬಲಗಾಲು ಬಿದ್ದವು, ಮಾತೂ ಹೋಯಿತು. ಮೂವತ್ತು ವರ್ಷ ಸ್ಟಾಪುಗಳ ಹೆಸರು ಕೂಗಿದ ಬಾಯಲ್ಲಿ ಉಳಿದದ್ದು ‘ಹೂಂ’, ‘ಬೇಡ’ ಎರಡೇ.

ಅಳಿಯ ಪ್ರಕಾಶನ ತಮ್ಮ ಲಂಡನ್ನಿನಲ್ಲಿದ್ದ. ಮಕ್ಕಳ ರಜೆಗೆ ಬನ್ನಿ, ನಾಲ್ಕು ದಿನ ಎಲ್ಲರೂ ಸಮುದ್ರದ ಕಡೆ ಹೋಗೋಣ ಎಂದು ಕರೆದ. ಡಾಕ್ಟರನ್ನು ಕೇಳಿದರು. ಇಂಡಿಯಾದಷ್ಟು ದೂರ ಬೇಡ, ಲಂಡನ್ ಆದರೆ ಪರವಾಗಿಲ್ಲ ಅಂದರು. ಇದು ಮಾವನಿಗೆ ಕೊನೆಯ ಪ್ರಯಾಣವೇ ಇರಬಹುದು, ಚೆನ್ನಾಗಿ ಆಗಲಿ ಎಂದು ಪ್ರಕಾಶ ನನ್ನ ಮುಂದೆಯೇ ಅಂದ. ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಊಟವಾದ ಮೇಲೆ ಟ್ರಾವೆಲ್ ಅಂಗಡಿಯಿಂದ ತಂದ ಬಣ್ಣಬಣ್ಣದ ಪುಸ್ತಕಗಳನ್ನು ಟೇಬಲ್ ಮೇಲೆ ಹರಡಿದರು. ಎಲ್ಲಾ ಇಂಗ್ಲಿಷು. ನನಗೆ ಕನ್ನಡ ಅಕ್ಷರವೇ ಕಷ್ಟ, ಚಿತ್ರ ನೋಡಿದೆ. ಎಲ್ಲ ಪುಟದಲ್ಲೂ ಒಂದೇ ಸಮುದ್ರ, ಒಂದೇ ಛತ್ರಿ, ಒಂದೇ ಬಿಳಿ ಹೆಂಗಸು. ಮೊಮ್ಮಗ ನಿಖಿಲ್‌ಗೆ ದೊಡ್ಡ ತಿರುಗುವ ಆಟಗಳಿರುವ ಬ್ಲ್ಯಾಕ್‌ಪೂಲ್ ಬೇಕು. ಸುಮಾಳಿಗೆ ಮರಳು ಚೆನ್ನಾಗಿರುವ ಬೋರ್ನ್‌ಮತ್. ಪ್ರಕಾಶನಿಗೆ ಬ್ರೈಟನ್. ಮೊಮ್ಮಗಳು ಅನು, ಅಣ್ಣ ಹೇಳಿದ್ದು ಬಿಟ್ಟು ಯಾವುದಾದರೂ ಸರಿ ಅಂದಳು. ಜಗಳ ಶುರುವಾಯಿತು.

ಆಗ ಸುಮಾ ಅಪ್ಪನನ್ನೂ ಕೇಳೋಣ, ಅವರು ‘ಹೂಂ’ ಅಂದ ಜಾಗಕ್ಕೇ ಹೋಗೋಣ ಅಂದಳು. ಪ್ರಕಾಶ ಗಾಲಿ ಕುರ್ಚಿಯ ಎದುರು ಕೂತು ಒಂದೊಂದೇ ಹೆಸರು ಓದಿದ. ಯಜಮಾನರು ಕಿಟಕಿ ಕಡೆ ನೋಡುತ್ತಿದ್ದರು. ನಾಲ್ಕನೆಯದೋ ಐದನೆಯದೋ ಹೆಸರು ‘ಸೌತ್ ಎಂಡ್’ ಅಂತ ಬಂತು. ಲಂಡನ್ನಿಗೆ ಹತ್ತಿರದ ಸಮುದ್ರದ ಊರಂತೆ. ಅವರು ಕತ್ತು ತಿರುಗಿಸಿದರು. ಎಡಗೈ ಎತ್ತಿದರು.

“ಸೌತ್ ಎಂಡ್,” ಅಂದರು. ಮತ್ತೆ, “ಸೌತ್ ಎಂಡ್. ಇಳೀಬೇಕು.”

ಮೂರು ತಿಂಗಳ ಮೇಲೆ ಮೊದಲ ಮಾತು. ಸುಮಾ ಅತ್ತುಬಿಟ್ಟಳು. ಅನು ‘ಥಾತ ಪಿಕ್ಡ್ ಇಟ್, ಥಾತ ಪಿಕ್ಡ್ ಇಟ್’ ಎಂದು ಕುಣಿದಳು. ನಿಖಿಲ್ ಕೂಡ ಬ್ಲ್ಯಾಕ್‌ಪೂಲ್ ಬಿಟ್ಟುಕೊಟ್ಟ.

ನನಗೆ ಮಾತ್ರ ಆ ಕ್ಷಣವೇ ಗೊತ್ತಾಯಿತು. ಅವರು ಹೇಳಿದ್ದು ಬೆಂಗಳೂರಿನ ಸೌತ್ ಎಂಡ್ ಸರ್ಕಲ್. ಅಲ್ಲಿಂದ ಎರಡು ರಸ್ತೆ ದಾಟಿದರೆ ಅವರ ಅಕ್ಕ ಪುಟ್ಟತಾಯಮ್ಮನ ಮನೆ. ತಾಯಿ ಸತ್ತ ಮೇಲೆ ಇವರನ್ನು ಸಾಕಿದವರು.

ಆಕೆಯ ಮನೆ ಹೊಸಿಲು ನಾನು ತುಳಿಯದೆ ಆಗ ಮೂವತ್ತೆರಡು ವರ್ಷ ಆಗಿತ್ತು. ನನ್ನ ಮೊದಲ ಮಗು ಗಂಡು. ಹತ್ತು ತಿಂಗಳಿಗೆ ಜ್ವರ ಬಂದು ತೀರಿಕೊಂಡಿತು. ಮಗುವನ್ನು ಎತ್ತಿಕೊಂಡು ಹೋಗುವ ಮೊದಲೇ ಪುಟ್ಟತಾಯಮ್ಮ ಹೆಂಗಸರ ನಡುವೆ ಕೂತು, ಹೆತ್ತರೆ ಸಾಲದು, ಸಾಕೋಕೆ ಕೈ ಬೇಕು ಅಂದರು. ನಾನು ಯಜಮಾನರಿಗೆ ಹೇಳಿದೆ, ಅವಳು ಬೇಕೋ ನಾನು ಬೇಕೋ ನೋಡಿಕೊಳ್ಳಿ ಅಂತ. ಅವರು ಅಕ್ಕನ ಹೆಸರು ಮನೆಯಲ್ಲಿ ಎತ್ತುವುದನ್ನೇ ಬಿಟ್ಟರು. ಆಮೇಲೆ ಹುಟ್ಟಿದ ಸುಮಾಳಿಗೆ ಅತ್ತೆಯೊಬ್ಬಳು ಇದ್ದಾಳೆ ಅಂತಲೇ ಗೊತ್ತಿರಲಿಲ್ಲ.

ಆದರೆ ಯಜಮಾನರ ಬಸ್ಸು ಆ ದಾರಿಯಲ್ಲೇ ಓಡುತ್ತಿತ್ತು. ಕೆಲವು ದಿನ ಡ್ಯೂಟಿ ಮುಗಿಸಿ ಬಂದು ಕಾಫಿ ಬೇಡ ಅನ್ನುತ್ತಿದ್ದರು. ಎಲ್ಲಿ ಕುಡಿದರು ಅಂತ ನಾನು ಕೇಳುತ್ತಿರಲಿಲ್ಲ. ಕೆನಡಾಕ್ಕೆ ಬಂದ ಮೇಲೆ ಅದೂ ನಿಂತಿತು.

ಸುಮಾ ಕಣ್ಣು ಒರೆಸಿಕೊಂಡು ನಕ್ಕಳು. “ಅಮ್ಮಾ, ಅಪ್ಪ ನಮ್ಮ ಬೆಂಗ್ಳೂರ್ ಸೌತ್ ಎಂಡ್ ಅಂದ್ಕೊಂಡ್ರೋ ಏನೋ. ಅಲ್ಲಿ ನಮ್ಮೋರು ಯಾರಾದ್ರೂ ಇದಾರಾ?”

ಯಜಮಾನರು ನನ್ನನ್ನೇ ನೋಡುತ್ತಿದ್ದರು.

“ಯಾರೂ ಇಲ್ಲ,” ಅಂದೆ. “ಬಸ್ ರೂಟು, ಅದಕ್ಕೆ ಬಾಯಿಗೆ ಬಂತು.”

ಇಷ್ಟೇ ನಾನು ಮಾಡಿದ್ದು. ಇಂಡಿಯಾಕ್ಕೆ ಕರೆದುಕೊಂಡು ಹೋಗಲು ಡಾಕ್ಟರ್ ಬೇಡ ಅಂದಿದ್ದರಲ್ಲ ಎಂದು ಆಮೇಲೆ ನನಗೆ ನಾನೇ ಬಹಳ ಸಲ ಹೇಳಿಕೊಂಡೆ. ಫೋನು ಮಾಡಿ ಅವರ ಕಿವಿಗೆ ಹಿಡಿಯಬೇಡಿ ಎಂದು ಯಾವ ಡಾಕ್ಟರೂ ಹೇಳಿರಲಿಲ್ಲ.

ಟಿಕೆಟ್ ಬುಕ್ ಆಯಿತು. ಪ್ರಕಾಶ ವುಡ್‌ಬ್ರಿಡ್ಜ್‌ನ ಫ್ಯಾಕ್ಟರಿಯಲ್ಲಿ ಶಿಫ್ಟು ಬದಲಾಯಿಸಿಕೊಂಡು ರಜೆ ತೆಗೆದುಕೊಂಡ. ಹೋಗುವವರೆಗೂ ಯಜಮಾನರು ಖುಷಿಯಾಗಿದ್ದರು. ತಿನ್ನಿಸಿದ್ದು ತಿನ್ನುತ್ತಿದ್ದರು. ಗಡ್ಡ ತೆಗೆಯುವಾಗ ಮುಖ ಒಡ್ಡುತ್ತಿದ್ದರು. ಎಷ್ಟು ಇಂಪ್ರೂವ್ ಆಗಿದ್ದಾರೆ ನೋಡಮ್ಮ ಎಂದು ಸುಮಾ ಹೇಳುವಾಗ ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ.

ಜುಲೈನಲ್ಲಿ ಹೋದೆವು. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆ. ಸಮುದ್ರದ ಪಕ್ಕದ ರಸ್ತೆಗೆ ಬಂದರೆ ಸಮುದ್ರವೇ ಇರಲಿಲ್ಲ. ನೀರು ಹಿಂದಕ್ಕೆ ಹೋಗಿತ್ತು, ಕಣ್ಣು ಹಾಯಿಸಿದಷ್ಟೂ ಬೂದು ಬಣ್ಣದ ಕೆಸರು. ದೋಣಿಗಳು ಓರೆಯಾಗಿ ಕೆಸರಿನಲ್ಲಿ ಕೂತಿದ್ದವು. ಬೇಸಿಗೆ ಅಂತ ಹೆಸರು, ಗಾಳಿಗೆ ಕಿವಿ ನೋಯುತ್ತಿತ್ತು. ಎಲ್ಲಿ ನೀರು ಎಂದು ಅನು ಅಳುಮುಖ ಮಾಡಿದಳು. ಸಂಜೆಗೆ ಬರುತ್ತದಂತೆ ಎಂದು ಸಮಾಧಾನ ಮಾಡಿ ಮಗಳು, ಅಳಿಯ, ಅಳಿಯನ ತಮ್ಮ ಎಲ್ಲರೂ ಮಕ್ಕಳಿಗೆ ಚಿಪ್ಸ್ ಕೊಡಿಸಲು ಹೋದರು. ನಾವಿಬ್ಬರೇ ಉಳಿದೆವು.

ಯಜಮಾನರು ಆ ಕಡೆ ಈ ಕಡೆ ನೋಡಿದರು.

“ಸೌತ್ ಎಂಡ್?” ಅಂದರು.

“ಹೂಂ,” ಅಂದೆ.

“ಅಕ್ಕನ ಮನೆ?”

ಆಗಲಾದರೂ ಸತ್ಯ ಹೇಳಬಹುದಿತ್ತು. ನಾನು, “ಮುಂದಿನ ಸ್ಟಾಪು,” ಅಂದೆ. ಕುರ್ಚಿಯನ್ನು ಮುಂದಕ್ಕೆ ತಳ್ಳಿದೆ. ಸ್ವಲ್ಪ ದೂರ ಹೋದ ಮೇಲೆ ಒಂದು ಬೆಂಚು ಬಂತು. ಅವರು ನನ್ನ ಕಡೆ ತಿರುಗಿದರು. ಮುಂದಿನದು ಅಂದೆ. ಇನ್ನೊಂದು ಬೆಂಚು. ಇನ್ನೂ ಮುಂದೆ ಅಂದೆ. ಕಂಡಕ್ಟರಿಗೆ ಸ್ಟಾಪು ಗೊತ್ತಿರುವುದಿಲ್ಲವೇ? ನಾಲ್ಕನೆಯ ಬೆಂಚಿನ ಹತ್ತಿರ ಅವರು ತಿರುಗಲಿಲ್ಲ. ಎಡಗೈಯನ್ನು ಕಂಬಳಿಯೊಳಗೆ ಹಾಕಿಕೊಂಡರು.

ಅದಾದ ಮೇಲೆ ‘ಹೂಂ’, ‘ಬೇಡ’ ಕೂಡ ಹೋಯಿತು. ಸಂಜೆ ನೀರು ಬಂತಂತೆ, ಮಕ್ಕಳು ಆಡಿದರಂತೆ. ನಾವು ಹೋಟೆಲಿನ ರೂಮಿನಲ್ಲೇ ಇದ್ದೆವು. ಉಳಿದ ಮೂರು ದಿನವೂ ಹಾಗೇ ಕಳೆಯಿತು. ಅಪ್ಪನಿಗೆ ಆಯಾಸವಾಗಿದೆ ಎಂದು ಸುಮಾ ಅಂದುಕೊಂಡಳು.

ಡಿಸೆಂಬರ್ ಮೊದಲ ವಾರ ಸ್ಕಾರ್‌ಬರೋದ ಆಸ್ಪತ್ರೆಯಲ್ಲಿ ಯಜಮಾನರು ತೀರಿಹೋದರು. ಊರಲ್ಲಿ ಯಾರಿಗೆ ತಿಳಿಸಬೇಕಮ್ಮ ಎಂದು ಸುಮಾ ಕೇಳಿದಳು. ನಿನಗೊಬ್ಬಳು ಸೋದರತ್ತೆ ಇದ್ದಾಳೆ, ಸೌತ್ ಎಂಡ್ ಸರ್ಕಲ್ ಹತ್ತಿರ ಅಂದೆ. ನಂಬರು ಯಜಮಾನರ ಹಳೆಯ ಡೈರಿಯಲ್ಲಿತ್ತು.

ಸುಮಾ ಡೈರಿ ಹಿಡಿದುಕೊಂಡೇ ನಿಂತಳು. “ಯಾರೂ ಇಲ್ಲ ಅಂದಿದ್ಯಲ್ಲಮ್ಮ,” ಅಂದಳು. ಬೈಯಲಿಲ್ಲ. ಆಮೇಲೆ ತಿಂಗಳುಗಟ್ಟಲೆ ನನಗೆ ಬಡಿಸುತ್ತಿದ್ದಳು, ನನ್ನ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ.

ಫೋನು ನಾನೇ ಮಾಡಿದೆ. ಪುಟ್ಟತಾಯಮ್ಮನೇ ಎತ್ತಿದರು. ದನಿ ಬಹಳ ಸಣ್ಣದಾಗಿತ್ತು. ವಿಷಯ ಹೇಳಿದೆ. ಅಳಲಿಲ್ಲ. ಮೊದಲು ಕೇಳಿದ್ದು ಇದನ್ನೇ.

“ನನ್ನ ಕೇಳಿದ್ನಾ?”

“ಕೇಳಿದ್ರು,” ಅಂದೆ. ಸುಳ್ಳು ಹೇಳಿ ಸಾಕಾಗಿತ್ತು.

“ಯಾವಾಗ?”

“ಮೇ ತಿಂಗಳಲ್ಲಿ.”

“ಇದು ಡಿಸೆಂಬರ್ ಅಲ್ವೇನೇ,” ಅಂದರು. ಅಷ್ಟೇ. ಫೋನು ಇಟ್ಟರು. ಎರಡು ವರ್ಷದ ಮೇಲೆ ಅವರೂ ಹೋದರು ಅಂತ ಸುದ್ದಿ ಬಂತು.

ನನಗೀಗ ಬಹಳ ವಯಸ್ಸಾಗಿದೆ. ಮಗುವಿನ ವಿಷಯದಲ್ಲಿ ಪುಟ್ಟತಾಯಮ್ಮ ಅಂದದ್ದು ಸುಳ್ಳು, ನಾನು ಆ ಮಗುವನ್ನು ಚೆನ್ನಾಗಿಯೇ ನೋಡಿಕೊಂಡೆ, ಇದನ್ನು ಇವತ್ತಿಗೂ ಯಾರ ಮುಂದೆಯಾದರೂ ಹೇಳುತ್ತೇನೆ. ಆ ಮಾತಿಗೆ ಮೂವತ್ತೆರಡು ವರ್ಷ ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದೇನೆ. ಎರಡನೆಯ ಸಲ, ಆ ಫೋನಿನಲ್ಲಿ, ಅವರು ನನ್ನನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.