ಅಕ್ಷರ ಎರವಲು ತರದ ಗಿರಿಜಕ್ಕ

ಗಿರಿಜಕ್ಕ ವೆಬ್‌ಸೈಟನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ, ಕಿವಿಯಿಂದ ಕೇಳುತ್ತಿದ್ದರು. ಹಳೇಬೀಡಿನ ಬಸ್‌ಸ್ಟ್ಯಾಂಡಿಗೆ ಎದುರಾಗಿ ಅವರ ಅಂಗಡಿ, ಅದರ ಹಿಂದೆಯೇ ಮನೆ. ಅಂಗಡಿಯಲ್ಲಿ ನಾನು ಕಂಪ್ಯೂಟರಿನ ಮುಂದೆ ಕೂರಬೇಕು, ಅವರು ಗೋಡೆಗೊರಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಒಂದು ಪುಟ ತೆರೆಯುವಾಗ ಯಾವ ಫೈಲು ಎಲ್ಲಿಂದ ಬಂತು ಎಂದು ಬ್ರೌಸರ್ ಒಂದು ಪಟ್ಟಿ ತೋರಿಸುತ್ತದಲ್ಲ, ಅದನ್ನು ನಾನು ಸಾಲುಸಾಲಾಗಿ ಗಟ್ಟಿಯಾಗಿ ಓದಬೇಕು. "ಫಾಂಟು?" "ನಮ್ಮ ಸರ್ವರ್." "ಬಟನ್ ಚಿತ್ರ?" "ನಮ್ಮ ಸರ್ವರ್." ಪಕ್ಕದ ಜೆರಾಕ್ಸ್ ಅಂಗಡಿಯವನಿಗೂ ಈ ಪಟ್ಟಿ ಬಾಯಿಪಾಠವಾಗಿತ್ತು.

ಇದು ಪ್ರೆಸ್ಸಿನಿಂದ ಬಂದ ಅಭ್ಯಾಸ. ಅವರ ಮಾವ ಅಚ್ಚುಕೂಟ ನಡೆಸುತ್ತಿದ್ದರು. ಸೊಸೆಯಾಗಿ ಬಂದ ವರ್ಷವೇ ಗಿರಿಜಕ್ಕ ಅಕ್ಷರ ಕೊರೆದ ಸೀಸದ ಮೊಳೆ ಜೋಡಿಸಲು ಕೂತವರು. ಅಲ್ಲಿ ಪ್ರೂಫ್ ನೋಡುವಾಗ ಒಬ್ಬರು ಓದುವುದು, ಇನ್ನೊಬ್ಬರು ಕೇಳಿಕೊಂಡು ತಪ್ಪು ಹಿಡಿಯುವುದು. ಮೊಳೆ ಹೋಗಿ ಕಂಪ್ಯೂಟರ್ ಬಂತು, ಲಗ್ನಪತ್ರಿಕೆ ಕಡಿಮೆಯಾಗಿ ಶಾಲೆ, ಸೊಸೈಟಿಗಳ ವೆಬ್‌ಸೈಟ್ ಕೆಲಸ ಬಂತು. ಗಿರಿಜಕ್ಕ ಮಾತ್ರ ಅದೇ ಗೋಡೆಗೆ ಒರಗಿದ್ದರು. ಕೋಡ್ ಬರೆಯಲು ಗೆಂಡೆಹಳ್ಳಿಯಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದವಳು ನಾನು. ನಲವತ್ತು ದಾಟಿದ್ದೆ, ಡಿಪ್ಲೊಮಾ ಓದಿದ್ದೆ, ನನಗೇನು ಕಡಿಮೆ ಜಂಬವಿರಲಿಲ್ಲ.

ಆ ಜಂಬ ಇಳಿದದ್ದು ಅರಸೀಕೆರೆಯ ಒಂದು ಸಣ್ಣ ಟ್ರಸ್ಟ್ ಆಸ್ಪತ್ರೆಯ ಕೆಲಸದಲ್ಲಿ. ಅಲ್ಲಿನ ಡಾಕ್ಟರಮ್ಮ ಹೆಂಗಸರಿಗೆಂದೇ ತಿಳಿಗನ್ನಡದಲ್ಲಿ ಒಂದು ಪುಟ ಬರೆದುಕೊಟ್ಟಿದ್ದರು. ಮುಟ್ಟಿನ ತೊಂದರೆ, ಬೇಡದ ಬಸಿರು, ಮನೆಯಲ್ಲಿ ಹೊಡೆತ ತಿನ್ನುವವಳು ಯಾರ ಬಳಿ ಹೋಗಬೇಕು, ಎಲ್ಲವೂ ಅದರಲ್ಲಿತ್ತು. ನಾನು ಅವಸರಕ್ಕೆ ಒಂದು ರೆಡಿಮೇಡ್ ವಿನ್ಯಾಸ ತಂದು ಅಂಟಿಸಿದ್ದೆ. ಪಟ್ಟಿ ಓದುವಾಗ ಐದನೇ ಸಾಲಿಗೆ ನನ್ನ ದನಿ ಇಳಿಯಿತು. ಫಾಂಟು ಹೊರಗಿನ ಯಾವುದೋ ಕಂಪನಿಯ ಸರ್ವರಿನಿಂದ ಬರುತ್ತಿತ್ತು. ಆ ಸಾಲು ಬಿಟ್ಟು ಮುಂದಕ್ಕೆ ಹೋದೆ.

"ಏನ್ ಕಣೇ ಲತಾ, ನುಂಗ್ದೆ?" ಎಂದರು, ಕಣ್ಣು ತೆರೆಯದೆ.

"ಎಲ್ಲರೂ ಹಾಕ್ತಾರೆ ಅಕ್ಕ. ಪುಕ್ಕಟೆ ಕೊಡ್ತಾರೆ, ನೋಡೋಕೂ ಚೆನ್ನಾಗೈತೆ," ಎಂದೆ.

ಗಿರಿಜಕ್ಕ ಆಗ ಕಣ್ಣು ಬಿಟ್ಟರು. "ನಮ್ ಮಾವನೋರು ಒಂದ್ಸಲ ಹುಲಿಕೆರೆ ಕಡೆಯೋರ ಲಗ್ನಪತ್ರಿಕೆ ಅಚ್ಚಾಕ್ತಿದ್ರು. ದೊಡ್ಡಕ್ಷರದ ಮೊಳೆ ಸವೆದೋಗಿತ್ತು. ಇಂತಿಂಥ ಅಕ್ಷರ ಬೇಕು ಅಂತ ಚೀಟಿ ಬರ್ದು ಬೇಲೂರಿನ ಒಂದು ಪ್ರೆಸ್ಸಿಂದ ಎರವಲು ತರ್ಸಿದ್ರು. ಆ ಚೀಟೀಲಿರೋ ಅಕ್ಷರ ಜೋಡಿಸ್ಕೊಂಡ್ರೆ ಹೆಣ್ಣಿನ ಹೆಸ್ರೂ ಆಯ್ತು, ಗಂಡಿನ ಹೆಸ್ರೂ ಆಯ್ತು. ಅಲ್ಲಿಂದ ಸುದ್ದಿ ಹಬ್ಬಿ, ಮೂರನೇ ದಿನಕ್ಕೆ ಆ ಲಗ್ನ ಬ್ಯಾಡ ಅಂತಿದ್ದ ಗಂಡಿನ ದಾಯಾದಿಗಳು ಬಂದು ಹೆಣ್ಣಿನ ಮನೆ ಮುಂದೆ ಕೂತಿದ್ರು. ಲಗ್ನ ನಿಂತೋಯ್ತು. ತಮ್ಮಿಂದ್ಲೇ ಹಿಂಗಾಯ್ತು ಅಂತ ಮಾವನೋರು ಸಾಯೋಗಂಟ ಆ ಹುಡ್ಗಿ ಮಖ ನೋಡ್ಲಿಲ್ಲ."

ಮುಂದಿನದನ್ನು ಅವರು ಹೇಳಬೇಕಿರಲಿಲ್ಲ. ಹೆಂಗಸೊಬ್ಬಳು ಆ ಪುಟ ತೆರೆದರೆ ಸಾಕು, ಅಕ್ಷರ ತರಲು ಅವಳ ಫೋನು ಹೊರಗಿನವರ ಬಾಗಿಲು ತಟ್ಟುತ್ತದೆ. ಯಾವ ಸೈಟಿನಿಂದ, ಯಾವ ಇಂಟರ್‌ನೆಟ್ ವಿಳಾಸದಿಂದ, ಎಷ್ಟು ಹೊತ್ತಿಗೆ ಎಂಬುದೆಲ್ಲ ಅಲ್ಲಿ ದಾಖಲಾಗಬಹುದು. ಅವಳಿಗೆ ಇದರ ಸುಳಿವೂ ಇರುವುದಿಲ್ಲ. ನನಗೆ ನಾಚಿಕೆಯಾಯಿತು.

ಯಾರು ಬೇಕಾದರೂ ಇಟ್ಟುಕೊಳ್ಳಬಹುದಾದ ಒಂದು ಕನ್ನಡ ಫಾಂಟನ್ನು ಇಳಿಸಿಕೊಂಡು ನಮ್ಮ ಸರ್ವರಿನಲ್ಲೇ ಇಟ್ಟೆವು. ಸಿಗ್ನಲ್ ಸರಿಯಿಲ್ಲದ ಹಳ್ಳಿಯಲ್ಲೂ ಬೇಗ ತೆರೆಯಲಿ ಎಂದು ಅದರಲ್ಲಿದ್ದ ಬೇರೆ ಲಿಪಿಗಳನ್ನು ತೆಗೆದುಹಾಕಿದೆ. ಚಿತ್ರ, ಬಟನ್ನು ಎಲ್ಲ ಒಳಗೆ ಬಂದವು. ಪುಟದ ಕೆಳಗೆ, ಮಾಡಿದವರೆಂದು ಗಿರಿಜಕ್ಕನ ಹೆಸರು, ಊರು ಹಾಕಿದೆ. ಅಷ್ಟಕ್ಕೂ ಬಿಡದೆ ಗಿರಿಜಕ್ಕ, ಬಂದುಹೋದವರ ವಿಳಾಸ ನಮ್ಮ ಸರ್ವರಿನಲ್ಲೂ ಉಳಿಯದಂತೆ ಮಾಡಿಸಿದರು. "ನಾವೇನ್ ದೇವ್ರಾ? ನಮ್ಗೂ ಬ್ಯಾಡ," ಎಂದರು.

ಟ್ರಸ್ಟಿನ ಅಧ್ಯಕ್ಷ ನಂಜುಂಡಪ್ಪನವರು ಕೊಬ್ಬರಿ ವರ್ತಕರು, ಕೆಟ್ಟವರೇನಲ್ಲ. ಆದರೆ ಊರಿನ ಪ್ರತಿಯೊಂದು ಸಂಗತಿಯೂ ತಮಗೆ ಗೊತ್ತಿರಬೇಕು ಎಂಬ ಚಪಲ. ಸೈಟು ತೋರಿಸಲು ಹೋದ ದಿನ, ಯಾರು ಯಾವ ಊರಿನಿಂದ ನೋಡುತ್ತಾರೆಂದು ಲೆಕ್ಕವಿಡುವ ಒಂದು ಸಾಧನ ಹಾಕಿ ಎಂದರು. ಅದೂ ಹೊರಗಿನ ಕಂಪನಿಯದೇ. "ಯಾವೂರಿನ ಹೆಂಗಸ್ರು ಜಾಸ್ತಿ ಓದ್ತಾರೆ ಅಂತ ತಿಳುದ್ರೆ ಅಲ್ಲೇ ಒಂದು ಕ್ಯಾಂಪ್ ಮಾಡ್ಬೋದಲ್ವೇನಮ್ಮ?"

"ಎಲ್ಲಾ ಊರಲ್ಲೂ ಮಾಡಿ ಅಣ್ಣೋರೆ, ಯಾರ್ ಬ್ಯಾಡ ಅಂದ್ರು? ಓದ್ದೋರು ಯಾರು ಅಂತ ಮಾತ್ರ ನಾನು ಕೊಡಲ್ಲ," ಎಂದರು ಗಿರಿಜಕ್ಕ.

"ಹಂಗಾದ್ರೆ ಬೇರೆಯೋರ ಕೈಲಿ ಮಾಡಿಸ್ತೀನಿ."

"ಮಾಡಿಸ್ಕಳಿ. ನನ್ ಕೈಲಿ ಆಗಲ್ಲ."

ಆ ವರ್ಷ ನಮಗಿದ್ದ ದೊಡ್ಡ ಕೆಲಸ ಅದೊಂದೇ. ಮೂಲೆಯಲ್ಲಿ ಕೂತಿದ್ದ ಡಾಕ್ಟರಮ್ಮ ಎದ್ದು, "ಲೆಕ್ಕ ಇಡೋದಾದ್ರೆ ನಾನು ಬರೆದಿದ್ದನ್ನ ತೆಗೆದುಬಿಡಿ ಸರ್," ಎಂದರು. ನಂಜುಂಡಪ್ಪನವರು ಇಬ್ಬರ ಮುಖವನ್ನೂ ನೋಡಿ, "ಏನಾರ ಮಾಡ್ಕಳಿ," ಎಂದು ಟವೆಲ್ ಕೊಡವಿ ಹೊರಟರು. ಬಸ್ಸಿನಲ್ಲಿ ಗಿರಿಜಕ್ಕ ಹಳೇಬೀಡು ಬರುವವರೆಗೆ ಕಡಲೆಕಾಯಿ ತಿಂದರು. ಗೆದ್ದೆವೆಂಬ ಮಾತು ಅವರ ಬಾಯಿಂದ ಬರಲಿಲ್ಲ.

ಹೋದ ಕಾರ್ತಿಕದಲ್ಲಿ ಗಿರಿಜಕ್ಕ ಹೃದಯಾಘಾತದಿಂದ ತೀರಿಕೊಂಡರು. ಹಿಂದಿನ ದಿನವಷ್ಟೇ ನನ್ನನ್ನು ಬೈದಿದ್ದರು. ಆ ಬೈಗುಳ ಇನ್ನೊಂದು ಸಲ ಕೇಳಿದರೆ ಸಾಕು ಎಂದು ಈಗಲೂ ಅನಿಸುತ್ತದೆ.

ಶಿವಗಣಾರಾಧನೆಯ ದಿನ ಮನೆ ತುಂಬ ಜನ. ಪಂಕ್ತಿ ನಡೆಯುತ್ತಿದ್ದಾಗ ಸುಮಾರು ಮೂವತ್ತರ ಹೆಂಗಸೊಬ್ಬಳು ಒಳಗೆ ಬಂದು ಪಟಕ್ಕೆ ಕೈ ಮುಗಿದಳು. ಊಟಕ್ಕೆ ಕರೆದೆ, ಕೂರಲಿಲ್ಲ.

"ಆಸ್ಪತ್ರೆ ಪುಟದ ಕೆಳಗೆ ಹೆಸ್ರಿತ್ತಲ್ಲ, ಅವ್ರು ಇವ್ರೇನಾ?" ಎಂದು ಕೇಳಿದಳು. ಹೌದೆಂದೆ.

"ಅದನ್ನ ಓದ್ಕೊಂಡೇ ಡಾಕ್ಟ್ರ ಹತ್ರ ಹೋದೆ. ನಮ್ ಮನೇಲಿ ಯಾರ್ಗೂ ಗೊತ್ತಾಗ್ಲಿಲ್ಲ. ಈಗ ಚೆನ್ನಾಗಿವ್ನಿ ಕಣಕ್ಕ, ಬತ್ತೀನಿ," ಎಂದವಳೇ ಸೆರಗು ತಲೆಗೆಳೆದುಕೊಂಡು ಅಂಗಡಿಯ ಮೂಲಕ ಬಸ್‌ಸ್ಟ್ಯಾಂಡಿನತ್ತ ನಡೆದಳು.

ಕೈ ತೊಳೆದು ಬಂದ ನಂಜುಂಡಪ್ಪನವರು ಅವಳ ಬೆನ್ನು ನೋಡಿದರು. "ಯಾರಮ್ಮ ಅದು? ಯಾವ ಕಡೆಯೋಳು?"

"ಕೇಳ್ಲಿಲ್ಲ ಅಣ್ಣೋರೆ."

"ಯಾವ ಬಸ್ ಹತ್ತುತಾಳೆ ನೋಡಾನ ತಡಿ," ಎಂದು ಅವರು ಅಂಗಡಿ ಬಾಗಿಲಿಗೆ ಬಂದರು. ನಾನು ಎರಡೂ ಕೈ ಚೌಕಟ್ಟಿಗೆ ಕೊಟ್ಟು ಅಡ್ಡ ನಿಂತೆ. ಪಕ್ಕಕ್ಕೆ ಸರಿ ಎಂದರು, ನಾನು ಸರಿಯಲಿಲ್ಲ. ಹೊರಗೆ ಒಂದು ಬಸ್ಸು ಹೊರಟಿತು, ಅದರ ಹಿಂದೆಯೇ ಇನ್ನೊಂದು ಹೊರಟಿತು. ಅವಳು ಯಾವುದರಲ್ಲಿ ಹೋದಳೆಂದು ನಾನೂ ತಿರುಗಿ ನೋಡಲಿಲ್ಲ.