ಹದಿನೆಂಟು ಹಾಡಿನ ಸಿ.ಡಿ.

“ನಮ್ಮನೇಲಿ ಡಿಗ್ರಿಯಾ? ಆಗೋ ಮಾತಲ್ಲ ಬುಡು” ಎಂದು ಮೊದಲು ಹೇಳಿದವರು ನಮ್ಮಜ್ಜಿ. ಎರಡನೆಯ ಸಲ ಆ ಮಾತು ಹೇಳಿದವಳು ನಾನೇ, ಮೊನ್ನೆ, ಎಂ.ಎ. ಅರ್ಜಿಯನ್ನು ಮುಂದಿಟ್ಟುಕೊಂಡು. ಈ ವಯಸ್ಸಿಗೆ ಇದೆಲ್ಲ ಯಾಕೆ ಎಂದು ಗೊಣಗುತ್ತಲೇ ಜೆರಾಕ್ಸಿಗೆಂದು ಹಳೆಯ ಫೈಲು ಬಿಚ್ಚಿದೆ. ಡಿಗ್ರಿ ಸರ್ಟಿಫಿಕೇಟಿನ ಹಿಂದಿನಿಂದ ಒಂದು ಸಿ.ಡಿ. ಜಾರಿ ಕಾಲ ಮೇಲೆ ಬಿತ್ತು. ಮೂಗಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಡಿಯಿತು. ನಗಬೇಡಿ, ಪ್ಲಾಸ್ಟಿಕ್ಕಿಗೆ ಆ ವಾಸನೆ ಇರುವುದಿಲ್ಲವೆಂದು ನನಗೂ ಗೊತ್ತು.

ಸಾತನೂರಿನ ಹತ್ತಿರ ನಮ್ಮದು ರೇಷ್ಮೆ ಹುಳು ಸಾಕುವ ಮನೆತನ. ಹೊಲ ಅಪ್ಪನದು, ಹುಳುಮನೆ ಚಿಕ್ಕಪ್ಪನದು. ಚಿಕ್ಕಪ್ಪ ಸ್ವಲ್ಪ ಕಾಲ ಬಿಡದಿಯ ಫ್ಯಾಕ್ಟರಿಯೊಂದಕ್ಕೆ ವ್ಯಾನು ಓಡಿಸಿದ್ದರು. ಅಲ್ಲಿಂದ ವರ್ಗವಾಗಿ ಹೋದ ಇಂಜಿನಿಯರೊಬ್ಬರು ಕೊಟ್ಟ ಇಂಗ್ಲಿಷ್ ಕ್ಯಾಸೆಟ್ಟೊಂದೇ ಆ ನೌಕರಿಯಿಂದ ಅವರು ಮನೆಗೆ ತಂದ ಆಸ್ತಿ. ಅದರ ಒಂದು ಬದಿಗೆ ಒಂದೇ ಹಾಡು. ಎಲ್ಲೋ ದೂರದ ಗಂಟೆಯ ಸದ್ದಿನಂತೆ ಶುರುವಾಗಿ, ತಾಳ ನಾಲ್ಕಾರು ಸಲ ಬದಲಾಗಿ, ಡ್ರಮ್ಮಿನ ಗದ್ದಲವೆಲ್ಲ ಅಡಗಿದ ಮೇಲೆ ಒಂಟಿ ಗಿಟಾರಿನಲ್ಲಿ ಮುಗಿಯುವ ಹಾಡು. ಅದರ ಒಂದು ಮಾತೂ ನಮಗೆ ಅರ್ಥವಾಗುತ್ತಿರಲಿಲ್ಲ.

ಹುಳುಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹಾಡು ಶುರುವಾದಾಗ ಹುಳುಗಳ ಮೊದಲ ತಟ್ಟೆಗೆ ಸೊಪ್ಪು, ಗಿಟಾರು ನಿಲ್ಲುವಾಗ ಕೊನೆಯ ತಟ್ಟೆಗೆ. ನಿಂತ ಕೂಡಲೇ ಚಿಕ್ಕಪ್ಪ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಳ್ಳುತ್ತಿದ್ದರು.

“ಹಾಡು ಮುಗೀತು. ಇನ್ ಓದ್ಕೋ ಓಗವ್ವ.”

“ಒಸಿ ಕಸ ಗುಡಿಸ್ಬುಟ್ಟು ಓಗ್ಲಿ ಕಣ್ಲಾ” ಎಂದು ಅಜ್ಜಿ ಹೊರಗಿನಿಂದ ಕೂಗುವರು.

“ನೀನೇ ಬಂದು ಗುಡ್ಸವ್ವ. ಹುಳ ಏನೂ ಬ್ಯಾಡ ಅನ್ನಾಕಿಲ್ಲ.”

ನನ್ನ ಬಿ.ಎ. ಪೂರ್ತಿ ಹೀಗೆ, ಹಾಡು ಮುಗಿದ ಮೇಲೆ ಸಿಕ್ಕ ಹೊತ್ತಿನಲ್ಲಿ ಓದಿದ್ದು.

ಕೊನೆಯ ವರ್ಷ ಟೇಪು ಸಿಕ್ಕಿಹಾಕಿಕೊಂಡು ಹರಿಯಿತು. ಚಿಕ್ಕಪ್ಪ ಅಂಟಿಸಿ ನೋಡಿದರು. ಹಾಡಿಗೆ ಬಿಕ್ಕಳಿಕೆ ಬಂತು, ಆಮೇಲೆ ಉಸಿರೇ ನಿಂತಿತು. ಸೊಪ್ಪು ಹಾಕುವಾಗ ಅವರು ಆಗಾಗ ಟೇಪ್ ರೆಕಾರ್ಡರಿನ ಕಡೆ ತಿರುಗಿ ನೋಡುತ್ತಿದ್ದರು. ಅದನ್ನು ನೋಡಲಾರದೆ, “ಡಿಗ್ರಿ ಕೈಗೆ ಬಂದ ದಿನ ಹೊಸದು ತತ್ತೀನಿ ಚಿಕ್ಕಪ್ಪ” ಅಂದೆ.

“ಮೊದ್ಲು ಪಾಸಾಗವ್ವ” ಅಂದರು.

ಪಾಸಾದೆ. ಬೆಂಗಳೂರಿಗೆ ಹೋಗಿ ಸರ್ಟಿಫಿಕೇಟು ತೆಗೆದುಕೊಂಡವಳು ನೆಟ್ಟಗೆ ಒಂದು ಕ್ಯಾಸೆಟ್ಟಂಗಡಿ ಹೊಕ್ಕೆ. ಹರಿದ ಕ್ಯಾಸೆಟ್ಟಿನ ಮೇಲೆ ಅರ್ಧ ಅಳಿಸಿಹೋಗಿದ್ದ ಅಕ್ಷರಗಳನ್ನು ಅಂಗಡಿಯವರು ಬೆಳಕಿಗೆ ಹಿಡಿದು ಓದಿದರು. ಆ ಬ್ಯಾಂಡು ಮೂವತ್ತು ವರ್ಷದಿಂದ ಬಾರಿಸುತ್ತಲೇ ಇದೆಯಂತೆ. ಬಾರಿಸುವವರು ಬದಲಾದರೂ ಹೆಸರು ಅದೇ ಅಂತೆ. ಆಯ್ದ ಹಾಡುಗಳ ಎರಡು ಸಿ.ಡಿ. ತೆಗೆದು ಮುಂದಿಟ್ಟರು. ಒಂದರಲ್ಲಿ ಐದು ಹಾಡು, ಇನ್ನೊಂದರಲ್ಲಿ ಹದಿನೆಂಟು. ನಮ್ಮ ಹಾಡಿನ ಹೆಸರು ಎರಡರಲ್ಲೂ ಇತ್ತು, ಬೆಲೆಯೂ ಒಂದೇ.

“ಈ ಬ್ಯಾಂಡಿಗೆ ಐದರದ್ದೇ ಸರಿ ಮೇಡಂ” ಅಂದರು.

ನನ್ನನ್ನು ಮೇಡಂ ಎಂದ ಮೊದಲ ಮನುಷ್ಯ ಅವರು. ಆದರೂ ನಂಬಲಿಲ್ಲ. ಖರ್ಚಾಗದ ಮಾಲನ್ನು ಹಳ್ಳಿಯವಳಿಗೆ ದಾಟಿಸುತ್ತಿದ್ದಾರೆ ಅನ್ನಿಸಿತು. ಬ್ಯಾಗಿನಲ್ಲಿ ಡಿಗ್ರಿ ಬೇರೆ ಇತ್ತಲ್ಲ. ಹದಿನೆಂಟು ಸಿಗುವಾಗ ಐದು ತರಲು ನನಗೇನು ಲೆಕ್ಕ ಬರುವುದಿಲ್ಲವೇ?

ಪಕ್ಕದ ಮನೆಯ ಸಿ.ಡಿ. ಪ್ಲೇಯರನ್ನು ಹುಳುಮನೆಗೆ ತಂದಿಟ್ಟೆ. ಹಾಡು ಮುಗಿದು ಗಿಟಾರು ನಿಂತ ಕೂಡಲೇ ಚಿಕ್ಕಪ್ಪನ ಕೈಗೆ ಸರ್ಟಿಫಿಕೇಟು ಕೊಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಗಂಟೆ ಕೇಳಿಸಿತು. ಚಿಕ್ಕಪ್ಪನ ಮುಖ ಅರಳಿತು. ಮೂರನೆಯ ತಟ್ಟೆಗೆ ಸೊಪ್ಪು ಹರಡುತ್ತಿದ್ದಾಗ ಹಾಡು ಸಣ್ಣಗಾಗಿ ನಿಂತೇ ಹೋಯಿತು.

“ಕರೆಂಟ್ ಓಯ್ತಾ?”

ಕರೆಂಟು ಇತ್ತು. ಬೇರೆ ಹಾಡು ಶುರುವಾಗಿತ್ತು. ಹದಿನೆಂಟನ್ನೂ ಒಂದರಲ್ಲಿ ತುರುಕಲು ಉದ್ದನೆಯ ಹಾಡುಗಳನ್ನೆಲ್ಲ ಕತ್ತರಿಸಿದ್ದರು. ಐದರದ್ದರಲ್ಲಿ ನಮ್ಮ ಹಾಡು ಇಡಿಯಾಗಿ ಇದ್ದಿರಬೇಕು.

“ತಪ್ಪು ಮಾಡ್ಬುಟ್ಟೆ ಚಿಕ್ಕಪ್ಪ.”

ಅವರು ಪ್ಲೇಯರು ಆರಿಸಿದರು. “ಹುಳ ಕಾಯ್ಕಂಡವೆ. ಬುಟ್ಟಿ ಇಡ್ಕೋ.” ಮತ್ತೆ, ಕತ್ತರಿಸಿದ್ದ ಜಾಗದಿಂದಲೇ ಹಾಡು ಎತ್ತಿಕೊಂಡರು. ಡ್ರಮ್ಮನ್ನು ನಾಲಿಗೆಯಲ್ಲಿ ಬಾರಿಸಿದರು, ಗಿಟಾರನ್ನು ಮೂಗಿನಲ್ಲಿ ನುಡಿಸಿದರು. ಒಂದು ಕಡೆ ಮರೆತು ನಿಂತರು. ಮುಂದಿನದನ್ನು ನಾನು ಹಿಡಿದುಕೊಟ್ಟೆ. ತಟ್ಟೆಯಿಂದ ತಟ್ಟೆಗೆ ಹಾಗೇ ಹೋದೆವು.

ಈಗ ಚಿಕ್ಕಪ್ಪ ಇಲ್ಲ, ಹುಳುಮನೆಯಲ್ಲಿ ತಟ್ಟೆಗಳೂ ಇಲ್ಲ. ಈ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಮೊಬೈಲಿನಲ್ಲಿ ಆ ಹಾಡನ್ನು ಪೂರ್ತಿ ಕೇಳಿದೆ. ಎಲ್ಲೂ ಕತ್ತರಿಸಿಲ್ಲ. ಆದರೂ ಕೊನೆಯ ಗಿಟಾರಿನಲ್ಲಿ ಏನೋ ಕಡಿಮೆ ಅನ್ನಿಸಿ ಇನ್ನೊಂದು ಸಲ ಹಾಕಿದೆ. ಕಡಿಮೆಯಾಗಿದ್ದದ್ದು ಚಿಕ್ಕಪ್ಪನ ಮೂಗು. ಒಲೆ ಆರಿಸಿ, ಕೂತು, ಅರ್ಜಿ ತುಂಬಿದೆ. ಸರ್ಟಿಫಿಕೇಟಿನ ಮೂಲೆಯಲ್ಲಿ ಒಂದು ಹೆಬ್ಬೆರಳಿನ ಹಸಿರು ಗುರುತಿದೆ. ಜೆರಾಕ್ಸಿನಲ್ಲಿ ಕಪ್ಪಾಗಿ ಬಂದರೆ ಬರಲಿ.

ಆವತ್ತು ಕೊನೆಯ ತಟ್ಟೆ ಮುಗಿದು ಮೂಗಿನ ಗಿಟಾರು ನಿಂತಾಗ ಸರ್ಟಿಫಿಕೇಟು ಚಾಚಿದೆ. ಚಿಕ್ಕಪ್ಪ ಪಂಚೆಗೆ ಕೈ ಒರೆಸಿ, ಮೂಲೆಯಲ್ಲಷ್ಟೇ ಹಿಡಿದು, ಓದಲು ಬರದ ಆ ಇಂಗ್ಲಿಷನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದರು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ತಾವೇ ಪೊರಕೆ ಎತ್ತಿಕೊಂಡರು. ಚಿಕ್ಕಪ್ಪ ಸರ್ಟಿಫಿಕೇಟನ್ನು ನನ್ನ ಕೈಗೆ ವಾಪಸು ಕೊಟ್ಟು, ಬುಟ್ಟಿ ಕಿತ್ತುಕೊಂಡು ಅಂದರು:

“ಹಾಡು ಮುಗೀತು. ಇನ್ನೂ ಓದಾದಿದ್ರೆ ಓದ್ಕೋ ಓಗವ್ವ.”