ಶಾಲನಬಾಯಿಯ ಶನಿವಾರಗಳು

ಶನಿವಾರ ಬಂತೆಂದರೆ ಶಾಲನಬಾಯಿಗೆ ಈಗಲೂ ನಸುಕಿನಲ್ಲೇ ಎಚ್ಚರವಾಗುತ್ತದೆ. ಎದ್ದು ಕೂದಲು ಕಟ್ಟಿಕೊಳ್ಳುವಾಗ, ಇವತ್ತು ಎಲ್ಲಿಗೂ ಹೋಗುವುದಿಲ್ಲವಲ್ಲ ಎಂಬುದು ನೆನಪಾಗುತ್ತದೆ. ತಂಗಿ ಯಮುನಾಬಾಯಿ ಅಡುಗೆಮನೆಯಿಂದ, "ಇನ್ನೊಂದೀಟ ಮಲಕೋ ಅಕ್ಕಾ," ಎನ್ನುತ್ತಾಳೆ. ಅಷ್ಟರಲ್ಲಿ ಶಾಲನಬಾಯಿಯ ಮನಸ್ಸು ಗಡಹಿಂಗ್ಲಜದ ಮನೆ ಬಿಟ್ಟು, ಕಾಗಲ ದಾಟಿ, ಕೊಲ್ಹಾಪುರ ಮುಟ್ಟಿರುತ್ತದೆ.

ಶಾಲನಬಾಯಿ ಗಡಹಿಂಗ್ಲಜದ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದವರು, ಮಕ್ಕಳ ಬಾಯಲ್ಲಿ 'ಬಾಯಿ'. ಭಾಷಣ, ಚರ್ಚಾಸ್ಪರ್ಧೆ ಎಂದರೆ ಮಕ್ಕಳನ್ನು ತಯಾರು ಮಾಡುವ ಕೆಲಸ ಯಾವಾಗಲೂ ಅವರ ಪಾಲಿಗೇ. ನಿವೃತ್ತರಾದ ಮೇಲೆ ಒಂದು ದಿನ ಹಳೆಯ ವಿದ್ಯಾರ್ಥಿ ಅಭಯಕುಮಾರ ಮನೆಗೆ ಬಂದ. ಜನ ರಿಮಾಂಡ್ ಹೋಮ್ ಎಂದು ಕರೆಯುವಂಥ, ಕೇಸಿನಲ್ಲಿ ಸಿಕ್ಕ ಹುಡುಗರನ್ನಿಡುವ ಕೊಲ್ಹಾಪುರದ ಒಂದು ಮನೆಯಲ್ಲಿ ಅವನು ಆಪ್ತಸಮಾಲೋಚಕನಾಗಿದ್ದ.

"ನಮ್ಮ ಹುಡುಗರಿಗೆ ಕೈ ಎತ್ತೋದು ಬರ್ತೈತ್ರಿ ಬಾಯಿ, ಮಾತು ಎತ್ತೋದು ಬರಂಗಿಲ್ಲ. ವಾರಕ್ಕೊಮ್ಮೆ ಬಂದು ವಾದಾ ಮಾಡೋದು ಕಲಸ್ರಿ," ಎಂದ.

ಮೊದಲ ಶನಿವಾರ ಎಲ್ಲ ಕೆಟ್ಟಿತು. ಶಾಲೆಯಲ್ಲಿ ಮಾಡುತ್ತಿದ್ದಂತೆ ಶಾಲನಬಾಯಿ ಮರಾಠಿಯಲ್ಲಿ ಒಂದು ಒಳ್ಳೆಯ ಭಾಷಣ ಬರೆದು ತಂದು ಬಾಯಿಪಾಠ ಮಾಡಿಸಲು ಹೊರಟರು. ಜಮಖಾನದ ಮೇಲೆ ಕೂತಿದ್ದ ಹುಡುಗರು ಆಕಳಿಸಿದರು. ಹಿಂದಿನ ಸಾಲಿನಿಂದ ಅಮೋಲ ಎಂಬವನು ಹೇಳಿದ: "ನಾಂವ್ ತಿರುಗಿ ಮಾತಾಡಿದ್ರ ಎಲ್ಲಾರೂ ಬಡೀತಾರ್ರಿ. ನೀವ್ ಅದನ್ನ ಕಲಸ್ತೀನಿ ಅಂತೀರಿ."

ಆ ಸಂಜೆ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ ಅವರಿಗೆ ತಂದೆ ನೆನಪಾದರು. ತವರೂರು ಅಕಿವಾಟದಲ್ಲಿ ತಂದೆ ಕಾಕಾಸಾಹೇಬರೆಂದರೆ ಬೆಲ್ಲದ ಗಾಣವಿದ್ದ ಮನುಷ್ಯ, ಹೆಚ್ಚು ಓದಿದವರಲ್ಲ. ಶಾಲನ, ಯಮುನಾ ಇಬ್ಬರೂ ಜಗಳವಾಡಿಕೊಂಡು ದೂರು ತಂದರೆ ಅವರು ಕುದಿಯುವ ಕೊಪ್ಪರಿಗೆಯ ಎದುರು ಕೂಡಿಸಿಕೊಂಡು, "ಶಾಲನಾ, ಯಮುನಾಂದು ಏನ್ ತಕರಾರು ಐತಿ, ನೀ ಹೇಳು. ಯಮುನಾ, ಅಕೀದು ನೀ ಹೇಳು," ಎನ್ನುತ್ತಿದ್ದರು. ಎದುರಿನವಳು "ಹೌದು, ನಂದು ಹಿಂಗ ಐತಿ" ಎಂದು ಒಪ್ಪುವ ತನಕ ಬಿಸಿ ಬೆಲ್ಲ ಸಿಗುತ್ತಿರಲಿಲ್ಲ. ಎಷ್ಟೋ ಸಲ ಹೇಳುತ್ತ ಹೇಳುತ್ತ ಜಗಳವೇ ಮರೆತುಹೋಗುತ್ತಿತ್ತು. ಮರುವಾರ ಶಾಲನಬಾಯಿ ಬರಿಗೈಯಲ್ಲಿ ಹೋದರು.

ಖಾರದ ಕಾಳುಪಲ್ಯದ ಮಿಸಳಕ್ಕೆ ಬ್ರೆಡ್ ಬೇಕೋ ಪಾವ್ ಬೇಕೋ ಎಂಬುದು ಅಲ್ಲಿಯ ಮೊದಲ ನಿಜವಾದ ವಾದ. ಯಾವ ಭಾಷೆ ಬಾಯಿಗೆ ಬರುತ್ತದೋ ಅದರಲ್ಲಿ ಮಾತಾಡಬಹುದು. ಒಬ್ಬ ಮುಗಿಸುವ ತನಕ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಅರ್ಧಕ್ಕೆ ಬಂದಾಗ ಶಾಲನಬಾಯಿ ಚಪ್ಪಾಳೆ ತಟ್ಟಿ "ಬಾಜೂ ಬದಲಿ" ಎಂದರೆ, ಬ್ರೆಡ್ಡಿನವನು ಪಾವಿನ ಪರ ನಿಲ್ಲಬೇಕು. ಆವತ್ತು ಹುಡುಗರು ನಕ್ಕ ನಗುವಿಗೆ ಕಾವಲುಗಾರನೂ ಬಾಗಿಲಲ್ಲಿ ಬಂದು ನಿಂತ. ಆ ನಗು ನೆನೆದರೆ ಶಾಲನಬಾಯಿಗೆ ಇಂದಿಗೂ ಮುಖ ಅರಳುತ್ತದೆ.

ಪ್ರಥಮೇಶ ಬಂದದ್ದು ಮರುವರ್ಷದ ಮಳೆಗಾಲದಲ್ಲಿ. ಇಚಲಕರಂಜಿಯ ಪಕ್ಕದ ಕಬನೂರಿನವನು, ಮಗ್ಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಯಾವುದೋ ಮಾತಿಗೆ ಸಿಟ್ಟಾಗಿ ಜೊತೆಗಾರ ಭರಮಪ್ಪನನ್ನು ನೂಕಿದ್ದ. ಭರಮಪ್ಪನ ಕೈ ಓಡುವ ಮಗ್ಗಕ್ಕೆ ಸಿಕ್ಕು ಎರಡು ಬೆರಳು ಹೋಗಿದ್ದವು. ಹುಡುಗ ಒಂದು ಮೂಲೆ ಹಿಡಿದು ಕೂರುತ್ತಿದ್ದ, ಮಾತೇ ಇಲ್ಲ.

ಒಂದು ಶನಿವಾರ ಕಾನೂನು ಓದುತ್ತಿದ್ದ ಸ್ನೇಹಲ ಎಂಬ ಹುಡುಗಿ ತನ್ನ ಕಾಲೇಜಿನ ಗೆಳತಿಯರೊಂದಿಗೆ ಚರ್ಚೆಗೆ ಬಂದಳು. ವಿಷಯ ಹುಡುಗರೇ ಆರಿಸಿದ್ದರು: ತಪ್ಪು ಮಾಡಿದವನಿಗೆ ಊರು ಮತ್ತೆ ಜಾಗ ಕೊಡಬೇಕೋ ಬೇಡವೋ. 'ಬೇಡ' ಎನ್ನುವ ಕಡೆಗೆ ಯಾರೂ ಏಳಲಿಲ್ಲ. ಆಗ ಮೂಲೆಯಿಂದ ಪ್ರಥಮೇಶ ಎದ್ದು ಬಂದ.

"ಊಟಕ್ಕ ಕೂತಾಗ ರೊಟ್ಟಿ ಮುರಿಯಾಕ ಬರಂಗಿಲ್ಲ ಅಂವಗ," ಎಂದು ಶುರು ಮಾಡಿದ. "ಹೇಣ್ತಿ ಮುರದು ಕೊಡ್ತಾಳ. ದಿನಾ. ಮಾಡಿದಾಂವ ನಾಕ್ ದಿನಕ್ಕ ಹೊರಗ ಬರ್ತಾನ, ಬೆರಳು ಬರ್ತಾವೇನ್ರಿ?"

ಸ್ನೇಹಲ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟಳು. ಶಾಲನಬಾಯಿ ಒಂದು ಗಳಿಗೆ ತಡೆದರು. ಆದರೆ ನಿಯಮ ನಿಯಮವೇ.

"ಬಾಜೂ ಬದಲಿ," ಎಂದರು.

ಪ್ರಥಮೇಶ ನಿಂತೇ ಇದ್ದ. ಅವನಿಗೆ ಇಡೀ ಲೋಕದಲ್ಲಿ ತನ್ನ ಪರ ಹೇಳಲು ಒಂದು ಮಾತೂ ಸಿಗುತ್ತಿಲ್ಲ ಎಂದು ಶಾಲನಬಾಯಿಗೆ ಹೊಳೆಯಿತು. ಅವರು ಕುರ್ಚಿಯಿಂದೆದ್ದು ಅವನ ಪಕ್ಕ ಹೋಗಿ ನಿಂತರು. "ಆತು, ಇವನ ಬದ್ಲಿ ನಾ ಮಾತಾಡ್ತೀನಿ. ಆ ಹುಡುಗ ಸಣ್ಣಾಂವ. ಸಿಟ್ಟಿನ್ಯಾಗ ನೂಕ್ಯಾನ. ಮಗ್ಗ ಓಡಾಕತ್ತೈತಿ ಅನ್ನೂದು ಅವಗ ಗೊತ್ತ ಇರಲಿಲ್ಲ..."

"ಬಾಯಿ, ಅದು ಹಂಗಲ್ರಿ," ಎಂದ ಪ್ರಥಮೇಶ. "ಗೊತ್ತಿತ್ರಿ."

ಶಾಲನಬಾಯಿ ಒಂದು ಹೆಜ್ಜೆ ಹಿಂದೆ ಸರಿದರು.

"ಗೊತ್ತಿದ್ದ ನೂಕ್ಯಾನ್ರಿ. ಅದಕ್ಕ ಅವಗ ಜಾಗಾ ಬೇಕು. ಗೊತ್ತಿಲ್ದ ಮಾಡಿದಾವಗ ಯಾರ್ ಬ್ಯಾಡಂತಾರ? ಗೊತ್ತಿದ್ದ ಮಾಡಿ, ಇನ್ನ ಮ್ಯಾಲ ಮಾಡಂಗಿಲ್ಲ ಅನ್ನಾಂವ ಎಲ್ಲಿ ನಿಂತ ಅದನ್ನ ತೋರಸ್ಬೇಕ್ರಿ? ಇಲ್ಲೇ ಕೂತ ತೋರಸಾಕ ಬರಂಗಿಲ್ಲಲಾ."

ಅವನು ಕೂತುಬಿಟ್ಟ. ಆವತ್ತು ಯಾರು ಗೆದ್ದರೆಂದು ಯಾರೂ ಕೇಳಲಿಲ್ಲ.

ಮುಂದೆ ಬಾಲ ನ್ಯಾಯ ಮಂಡಳಿಯ ಎದುರೂ ಪ್ರಥಮೇಶ ಇದ್ದದ್ದನ್ನು ಇದ್ದಂತೆ ಹೇಳಿದನೆಂದು ಅಭಯಕುಮಾರನಿಂದ ತಿಳಿಯಿತು. ಬಿಡುಗಡೆಯಾದ ಮೇಲೆ ಜಯಸಿಂಗಪುರದ ಸಂತೆಪೇಟೆಯಲ್ಲಿ ಕೆಲಸ ಹಿಡಿದ. ಒಮ್ಮೆ ಫೋನ್ ಮಾಡಿ, ಭರಮಪ್ಪನ ಮನೆಗೆ ಹೋಗಿದ್ದೆ ಎಂದ.

"ಏನಂದ್ರು?"

"ಊರ ಬೇಕಾದ್ರ ಜಾಗಾ ಕೊಡ್ಲಿ, ನಾ ಕೊಡಂಗಿಲ್ಲ ಅಂದ್ರು. ಬಾಗಲದಾಗ ನಿಲ್ಲಿಸಿನ ಕಳಿಸಿದ್ರು." ಮತ್ತೆ ಅವನೇ ಹೇಳಿದ: "ಅವರ ವಾದ ಬರೋಬರಿ ಐತ್ರಿ ಬಾಯಿ."

ಶಾಲನಬಾಯಿ ಊಟ ಆಯಿತೇ ಎಂದಷ್ಟೇ ಕೇಳಿದರು.

ವರ್ಷಗಳು ಹೋದವು. ಒಂದು ತಂಡ ಹೋಗಿ ಇನ್ನೊಂದು ಬಂತು. ಕಡೆಕಡೆಗೆ ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತುವುದೇ ಸಾಹಸವಾಯಿತು. ಅಷ್ಟರಲ್ಲಿ ವಕೀಲೆಯಾಗಿದ್ದ ಸ್ನೇಹಲ ತರಗತಿಯನ್ನು ತಾನು ನಡೆಸುತ್ತೇನೆಂದಳು. ಶಾಲನಬಾಯಿ ಒಪ್ಪಲಿಲ್ಲ, ಬಿಡಲು ಅವರಿಗೆ ಮನಸ್ಸಿರಲಿಲ್ಲ. ಹುಡುಗರ ಕಿವಿಗೆ ಇದು ಬಿತ್ತು. ಮುಂದಿನ ಶನಿವಾರ ಹೋಗಿ ನೋಡಿದರೆ ಹಲಗೆಯ ಮೇಲೆ ವಿಷಯ ಬರೆದಿತ್ತು: ಬಾಯಿ ಬರೋದು ಬಿಡಬೇಕೋ ಬ್ಯಾಡೋ.

'ಬ್ಯಾಡ' ಎಂದವರು ಚೆನ್ನಾಗಿಯೇ ಮಾತಾಡಿದರು. ಆದರೆ 'ಬಿಡಬೇಕು' ಎಂದ ಕಡೆಯ ಋಷಿಯಂಥ ಮೌನದ ಹುಡುಗನೊಬ್ಬ, ಬಾಯಿ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವುದನ್ನು, ಯಾರೂ ನೋಡುತ್ತಿಲ್ಲವೆಂದು ಕಾಲು ಒತ್ತಿಕೊಳ್ಳುವುದನ್ನು ಒಂದೊಂದಾಗಿ ಹೇಳಿದ. ಬಾಜೂ ಬದಲಿ ಎಂದು ಚಪ್ಪಾಳೆ ತಟ್ಟಬೇಕಾದ ಶಾಲನಬಾಯಿ ತಟ್ಟಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, "ಆತಪಾ, ನೀ ಗೆದ್ದಿ," ಎಂದರು.